ಮಡಿಯಲ್ಲಿದ್ದ ಅಜ್ಜಿ

ಕಳಸದ ನಮ್ಮ ಮನೆಯಲ್ಲಿ ಯಾವ ವಸ್ತುವೂ ತನ್ನ ಜಾಗ ಬಿಟ್ಟು ಕದಲುವಂತಿರಲಿಲ್ಲ. ಆ ಕಟ್ಟಳೆ ಹುಟ್ಟಿದ್ದು ನನ್ನ ಸಲುವಾಗಿ. ಹಾಲುಹಲ್ಲು ಉದುರುವ ವಯಸ್ಸಿನಲ್ಲಿ ದಡಾರದ ಜ್ವರ ಬಂದು ನನ್ನ ಎರಡೂ ಕಣ್ಣುಗಳನ್ನು ಕೊಂಡುಹೋಯಿತು. ಜ್ವರ ಬಿಟ್ಟು ಎದ್ದ ದಿನವೇ, ಬಾಗಿಲಲ್ಲಿ ಯಾರೋ ಇಟ್ಟಿದ್ದ ತಾಮ್ರದ ಕೊಡಕ್ಕೆ ಎಡವಿ ಬಿದ್ದೆ. ನೀರು ಹರಿದು ನಡುಮನೆಯೆಲ್ಲ ಒದ್ದೆಯಾಯಿತು. ಆಗ ಅಜ್ಜಿ ಕಿಟಕಿಯ ಕೆಳಗಿನ ತಮ್ಮ ಮಂಚದಿಂದಲೇ ಆಜ್ಞೆ ಹೊರಡಿಸಿದರು.

“ಇನ್ನು ಈ ಮನೇಲಿ ಇಟ್ಟದ್ದು ಇಟ್ಟಲ್ಲೇ ಇರ್ಬೇಕು. ಕೂರೋರೂ ಅಷ್ಟೆ, ಅವರವರ ಜಾಗದಲ್ಲೇ ಕೂರ್ಬೇಕು. ಮಗು ಹುಡುಕಿಕೊಂಡು ಅಲೀಬಾರ್ದು.”

ಅಂದಿನಿಂದ ಕಂಬಕ್ಕೆ ಆನಿಸಿದ ಮಣೆ ಕಂಬಕ್ಕೇ ಅಂಟಿಕೊಂಡಿತು. ಅಡುಗೆಮನೆಯ ಹೊಸ್ತಿಲ ಬಲಕ್ಕೆ ತಂಬಿಗೆ, ದೇವರ ಕೋಣೆಯ ಬಾಗಿಲ ಎಡಕ್ಕೆ ಜಾಗಟೆ, ಜಗಲಿಯ ಮೂಲೆಯಲ್ಲಿ ಅಪ್ಪನ ಕೊಡೆ. ಮನೆಯೆಂಬುದು ನನಗೆ ಕಂಠಸ್ಥವಾದ ಸ್ತೋತ್ರದಂತೆ ಆಯಿತು. ಒಂದು ಪದ ಮುಗಿದಲ್ಲಿ ಮುಂದಿನ ಪದ ಇದ್ದೇ ಇರುತ್ತಿತ್ತು. ಆ ಸ್ತೋತ್ರದ ನಡುವೆ, ತಪ್ಪದೆ ಬರುವ ದೇವರ ಹೆಸರಿನಂತೆ, ಅಜ್ಜಿ ಇದ್ದರು.

ಅಜ್ಜಿ ಅಪ್ಪನ ತಾಯಿ. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಪಾಠಶಾಲೆಯ ಪಂಡಿತರಾಗಿದ್ದ ಅಜ್ಜ ಶಿಷ್ಯರಿಗೆ ಹೇಳುತ್ತಿದ್ದ ಪಾಠವನ್ನು ಒಳಬಾಗಿಲ ಹಿಂದೆ ನಿಂತು ಕೇಳಿಯೇ ಅವರು ವಿಭಕ್ತಿ, ಸಂಧಿ, ಸಮಾಸಗಳನ್ನು ಕಲಿತಿದ್ದರು. ಬೆಳಗ್ಗೆ ಮಿಂದು ಮಡಿಯುಟ್ಟರೆ ಮಧ್ಯಾಹ್ನದ ಊಟದವರೆಗೆ ಯಾರೂ ಅವರನ್ನು ಮುಟ್ಟುವಂತಿಲ್ಲ. ಊಟವಾಗಿ ಮಡಿ ಕಳೆದ ಮೇಲೆ ಮಾತ್ರ ನಾನು ಮಂಚ ಹತ್ತಿ ಅವರ ಮಡಿಲು ಸೇರಬಹುದಿತ್ತು. ಬಳೆಯಿಲ್ಲದ ಆ ಕೈಗಳನ್ನು, ಒಣಗಿದ ಬಾಳೆಸಿಪ್ಪೆಯಂಥ ಚರ್ಮದ ಕೆಳಗೆ ಸಣ್ಣ ಮೂಳೆ ತಗುಲುವ ಆ ಮಣಿಕಟ್ಟನ್ನು ನಾನು ಹಿಡಿದುಕೊಂಡೇ ಪಾಠ ಒಪ್ಪಿಸುತ್ತಿದ್ದೆ. ಮಂಚದ ಪಕ್ಕ ಒಂದು ಹಿತ್ತಾಳೆಯ ಬಟ್ಟಲು ಇರುತ್ತಿತ್ತು. ತುಳಸಿಮಾಲೆ ಒಂದು ಸುತ್ತು ಮುಗಿದಾಗಲೆಲ್ಲ ಅಜ್ಜಿ ಗುರುತಿಗೆಂದು ಒಂದು ಹುಣಸೆಬೀಜವನ್ನು ಅದರಲ್ಲಿ ಹಾಕುವರು. ಟಣ್ ಎಂಬ ಆ ಸಣ್ಣ ಸದ್ದೇ ನನ್ನ ಗಡಿಯಾರ. ಕಣ್ಣು ಹೋದ ಹೊಸತರಲ್ಲಿ ನಾನು ಮಾತೂ ಆಡುತ್ತಿರಲಿಲ್ಲ, ಅನ್ನವನ್ನೂ ಮುಟ್ಟುತ್ತಿರಲಿಲ್ಲವಂತೆ. ಎಲ್ಲರೂ ಅತ್ತರು, ಹರಕೆ ಹೊತ್ತರು. ಅಜ್ಜಿ ಎರಡನ್ನೂ ಮಾಡಲಿಲ್ಲ.

“ಕಣ್ಣು ಹೋಯ್ತು, ಸರಿ. ಬಾಯಿ ಎಲ್ಲಿಗೆ ಹೋಯ್ತೇ ಶಾರದೆ? ಹೇಳು, ರಾಮಃ ರಾಮೌ ರಾಮಾಃ.”

ಒಂದು ವಿಭಕ್ತಿ ಹೇಳಿದರೆ ಒಂದು ತುತ್ತು. ಹೀಗೆ ವ್ಯಾಕರಣದ ಬೆನ್ನಿಗೆ ಅನ್ನವೂ ನನ್ನೊಳಗೆ ಇಳಿಯಿತು.

ಅಪ್ಪ ಅದೇ ಪಾಠಶಾಲೆಯಲ್ಲಿ ಉಪಾಧ್ಯಾಯರು. ಕಣ್ಣಿಲ್ಲದ ಮಗುವಿಗೆ ಏನು ಕಲಿಸಬಹುದು, ಯಾರನ್ನು ಕೇಳಬೇಕು, ನೆರವು ಎಲ್ಲಿ ಸಿಗುತ್ತದೆ ಎಂಬುದು ಅವರಿಗಾಗಲಿ ಊರಿನ ಬೇರೆ ಯಾರಿಗಾಗಲಿ ತಿಳಿಯದು. ಚಿಕ್ಕಮಗಳೂರಿನ ಬಸ್ಸಿನಿಂದ ಇಳಿದ ವಿದ್ಯಾವಂತರನ್ನೆಲ್ಲ ಅವರು ನಿಲ್ಲಿಸಿ ಕೇಳುತ್ತಿದ್ದರು. ಒಬ್ಬರು ಔಷಧಿ ಹೇಳಿದರು, ಒಬ್ಬರು ಕ್ಷೇತ್ರ ಹೇಳಿದರು, ಮತ್ತೊಬ್ಬರು ಪೂರ್ವಜನ್ಮವನ್ನು ಹೇಳಿದರು. ಕೊನೆಗೆ ಯಾರ ಮೂಲಕ ಸುದ್ದಿ ಹೋಯಿತೋ, ದೂರದ ಅಂಧ ಮಕ್ಕಳ ವಸತಿಶಾಲೆಯಿಂದ ಒಬ್ಬ ಮೇಷ್ಟ್ರು ನಮ್ಮ ಮನೆ ಹುಡುಕಿಕೊಂಡು ಬಂದರು. ಅವರಿಗೂ ಕಣ್ಣಿರಲಿಲ್ಲ. ಕೋಲಿನಿಂದ ಮೆಟ್ಟಿಲು ತಟ್ಟುತ್ತ ಬಂದವರು ಮೊದಲು ಮಾತಾಡಿಸಿದ್ದು ಅಪ್ಪನನ್ನಲ್ಲ, ನನ್ನನ್ನು.

“ಶಾರದಾ, ನಾನು ಮೇಷ್ಟ್ರು. ನಿನ್ನ ಎದುರಿಗೆ, ಜಗಲಿ ಮೇಲೆ ಕೂತಿದೀನಿ.”

ಹೊರಡುವಾಗಲೂ ಹಾಗೆಯೇ.

“ಈಗ ಎದ್ದೆ. ಮೆಟ್ಟಿಲು ಇಳಿದೆ. ಹೊರಟೆ ಮಗೂ.”

ಬಂದದ್ದನ್ನೂ ಹೋದದ್ದನ್ನೂ ನನಗೆ ಹೇಳಿದ ಮೊದಲ ಮನುಷ್ಯ ಅವರು. ಉಳಿದವರೆಲ್ಲ ನನ್ನ ಲೋಕದಲ್ಲಿ ಏಕಾಏಕಿ ಮೂಡಿ ಏಕಾಏಕಿ ಮಾಯವಾಗುತ್ತಿದ್ದರು. ಚುಕ್ಕಿಗಳೆದ್ದ ದಪ್ಪ ಕಾಗದವೊಂದನ್ನು ಅವರು ನನ್ನ ಬೆರಳಿಗೆ ತಾಗಿಸಿ, ಇದು ನಿನ್ನ ಹೆಸರು ಎಂದಾಗ ನನ್ನ ಮೈ ಜುಮ್ಮೆಂದಿತು. ಆ ಶಾಲೆಗೆ ಹೋಗಬೇಕೆಂಬ ಆಸೆ ಹುಟ್ಟಿದ್ದು ಅಂದು. ಅದಕ್ಕಿಂತ ದೊಡ್ಡ ಆಸೆ ನನ್ನ ಬಾಳಿನಲ್ಲಿ ಆಮೇಲೆ ಹುಟ್ಟಲಿಲ್ಲ. ಅಮ್ಮ ಮಾತ್ರ ಒಪ್ಪಲಿಲ್ಲ.

“ಅಲ್ಲಿ ಯಾರು ನೋಡ್ತಾರೆ ಅತ್ತೆ? ಎಲ್ಲಾದ್ರೂ ಬಿದ್ರೆ?”

“ಬಿದ್ರೆ ಏಳ್ತಾಳೆ. ಇಲ್ಲಿ ಬೀಳದೆ ಇದ್ದು ಎಂತ ಮಾಡ್ತಾಳೆ? ಮಣೆ ಹಾಗೆ ಕಂಬಕ್ಕೆ ಆನಿಸಿ ಇಡ್ತೀಯಾ? ಕಳಿಸು.”

ನಮ್ಮ ಮನೆಯಲ್ಲಿ ಅಜ್ಜಿಯ ಮಾತೇ ಕೊನೆ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಮತ್ತೆ ಬಂದು ಉತ್ತರ ಪಡೆಯುತ್ತೇನೆಂದು ಮೇಷ್ಟ್ರು ಹೇಳಿಹೋದರು.

ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯಲ್ಲಿ ಪದ್ಮಕ್ಕ ಇದ್ದಳು. ಅವಳ ಗಂಡ ಸಂಸೆಯ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ವಾರಕ್ಕೊಮ್ಮೆ ಮನೆಗೆ ಬರುವವನು. ಅವರಿಗೆ ಮಕ್ಕಳಿರಲಿಲ್ಲ. ಕೈತುಂಬ ಗಾಜಿನ ಬಳೆ ತೊಟ್ಟು, ಆ ಬಳೆಗಳಿಗಿಂತ ಜೋರಾಗಿ ನಗುತ್ತ ಅವಳು ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದಳು. ಯಾರ ದನಿಯನ್ನಾದರೂ ಅವಳು ಹಾಗೆಹಾಗೆಯೇ ತೆಗೆಯಬಲ್ಲಳು. ಬಸ್ಸಿನ ಕಂಡಕ್ಟರು, ಮೂಗಿನಲ್ಲಿ ಮಂತ್ರ ಹೇಳುವ ಪುರೋಹಿತರು, ಆಳುಗಳನ್ನು ಗದರುವ ಎಸ್ಟೇಟಿನ ಮೇಸ್ತ್ರಿ, ಎಲ್ಲರೂ ಅವಳ ಗಂಟಲಲ್ಲಿದ್ದರು. ಅಜ್ಜಿಯ ಎದುರಿಗೇ ಅಜ್ಜಿಯಂತೆ ಕೆಮ್ಮಿ, ಅಜ್ಜಿಯಂತೆ ಬೈಯುವಳು.

“ಸಾಕು ಮಾರಾಯ್ತಿ,” ಎಂದು ಅಜ್ಜಿ ನಗುವರು. “ನಾ ಸತ್ರೂ ನನ್ನ ಕೆಮ್ಮು ಈ ಮನೆ ಬಿಡೋದಿಲ್ಲ ಅಂತಾಯ್ತು.”

ಮಾರ್ಗಶಿರದ ಚಳಿಯಲ್ಲಿ ಅಜ್ಜಿಗೆ ಎದೆನೋವು ಬಂತು. ಅಪ್ಪ ಜೀಪು ಮಾಡಿಸಿಕೊಂಡು ಅವರನ್ನು ಚಿಕ್ಕಮಗಳೂರಿನ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಚಿಕ್ಕಪ್ಪನ ಮನೆ ಇತ್ತು. ಅವರು ಹೋದ ಬೆನ್ನಿಗೆ ನನಗೂ ಜ್ವರ ಏರಿತು, ಮೈಮೇಲೆ ಎಚ್ಚರವಿಲ್ಲದ ಜ್ವರ. ಎಷ್ಟೋ ದಿನದ ಮೇಲೆ ಜ್ವರ ಇಳಿದು ನಾನು ಗಂಜಿ ಕುಡಿಯುತ್ತಿದ್ದ ಒಂದು ಮಧ್ಯಾಹ್ನ, ಬಾಗಿಲಲ್ಲಿ ಜೀಪು ನಿಂತ ಸದ್ದಾಯಿತು. ನಿಧಾನವಾದ ಹೆಜ್ಜೆಗಳು ಜಗಲಿ ದಾಟಿದವು. ಮಂಚ ಕಿರುಗುಟ್ಟಿತು. ಅಜ್ಜಿ ಕೆಮ್ಮಿದರು. ನಾನು ಕೈಚಾಚಿ ಓಡಿದೆ. ಅಮ್ಮ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು.

“ಮುಟ್ಬೇಡ. ನಿನ್ನ ಕಣ್ಣು ಬರ್ಲಿ ಅಂತ ಅಜ್ಜಿ ವ್ರತ ಹಿಡಿದಿದ್ದಾರೆ. ಇನ್ನು ಯಾವಾಗ್ಲೂ ಮಡಿ. ನೀ ಮುಟ್ಟಿದ್ರೆ ವ್ರತ ಮುರೀತದೆ, ಕಣ್ಣೂ ಬರೋದಿಲ್ಲ.”

ಊಟದ ಹೊತ್ತಿನವರೆಗೆ ಮೌನ, ಆಮೇಲೂ ಒಂದೆರಡೇ ಮಾತು. ಅದೂ ವ್ರತದ ನಿಯಮವೆಂದು ಅಮ್ಮ ಹೇಳಿದಳು. ನಾನು ಹಿಂದೆ ಸರಿದು ಅಪ್ಪನನ್ನು ಹುಡುಕಿದೆ. ಅವರ ತೊಡೆಯೇರಿ, ಎಂದಿನಂತೆ ಅವರ ಗುಂಗುರು ಕೂದಲಲ್ಲಿ ಬೆರಳಾಡಿಸಲು ಕೈಯೆತ್ತಿದೆ. ಕೂದಲಿರಲಿಲ್ಲ. ಹಿಂದೆ ಒಂದು ಸಣ್ಣ ಜುಟ್ಟು ಬಿಟ್ಟರೆ ತಲೆಯೆಲ್ಲ ಬೋಳು. ಮುಳ್ಳಿನಂಥ ಮೊಳಕೆ ನನ್ನ ಅಂಗೈಗೆ ಚುಚ್ಚಿತು.

“ಅಪ್ಪಾ, ಕೂದಲು?”

“ಸೆಖೆ ಅಂತ ತೆಗೆಸಿದೆ ಪುಟ್ಟಿ.”

ಹಲ್ಲು ಕಟಕಟಿಸುವ ಚಳಿಯಲ್ಲಿ ಸೆಖೆ! ಅಪ್ಪ ಸುಳ್ಳಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಪುರೋಹಿತರ ಕೇರಿಯ ಮಗುವಿಗೆ ಬೋಳುತಲೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೆತ್ತವರು ಹೋದಾಗ ಮಗನು ಹಾಗೆ ತಲೆ ಬೋಳಿಸಿಕೊಳ್ಳುತ್ತಾನೆ. ಅಜ್ಜಿ ತೀರಿಕೊಂಡಿದ್ದಾರೆಂದು ನನ್ನ ಬೆರಳುಗಳಿಗೆ ತಿಳಿಯಿತು. ಅದೇ ಕ್ಷಣದಲ್ಲಿ ನನ್ನ ಬೆನ್ನ ಹಿಂದೆ, ಹಿತ್ತಾಳೆಯ ಬಟ್ಟಲಿನಲ್ಲಿ, ಟಣ್ ಎಂದಿತು.

ನಾನು ಕಿರುಚಲಿಲ್ಲ. ಮಕ್ಕಳ ತರ್ಕ ದೊಡ್ಡವರದಕ್ಕಿಂತ ಕಟ್ಟುನಿಟ್ಟು. ಅಜ್ಜಿ ಸತ್ತಿದ್ದಾರೆ, ಅಜ್ಜಿ ಮಂಚದ ಮೇಲಿದ್ದಾರೆ, ಆದ್ದರಿಂದ ಸತ್ತ ಅಜ್ಜಿ ಮಂಚದ ಮೇಲಿದ್ದಾರೆ. ಅವರವರ ಜಾಗದಲ್ಲೇ ಕೂರಬೇಕೆಂದು ಆಜ್ಞೆ ಮಾಡಿದವರು ತಾವೇ ಅದನ್ನು ಮೀರುವರೆ? ಮನೆಯ ಎಲ್ಲರಿಗೂ ಇದು ಗೊತ್ತಿದೆ, ಯಾರೂ ಬಾಯಿಬಿಡಬಾರದಷ್ಟೆ, ಎಂದುಕೊಂಡೆ. ಮುಟ್ಟಬಾರದೆಂಬ ಮಾತೂ ಅದಕ್ಕೆ ಸರಿಯಾಗಿಯೇ ಹೊಂದಿತು. ಹೀಗೆ ಆ ಚಳಿಗಾಲ ಕಳೆಯಿತು. ಮಂಚದ ಕಡೆಯಿಂದ ಅಜ್ಜಿಯ ಸೀರೆಯದೇ ವಾಸನೆ, ಪೆಟ್ಟಿಗೆಯ ಕರ್ಪೂರ ಮತ್ತು ವಿಭೂತಿ. ಅಜ್ಜಿಯದೇ ಕೆಮ್ಮು. ಆದರೆ ಆ ಕೆಮ್ಮಿನ ತುದಿಯಲ್ಲಿ ಇರುತ್ತಿದ್ದ ಸಣ್ಣ ಸೀಟಿಯಂಥ ಉಸಿರು ಇರಲಿಲ್ಲ. ನಾನು ಹತ್ತಿರ ಸುಳಿದರೆ ಅಲ್ಲಿ ಉಸಿರೇ ನಿಂತುಹೋಗುತ್ತಿತ್ತು. ಬೀಜಗಳು ಬಟ್ಟಲಿಗೆ ಬೀಳುವ ವೇಗವೂ ಹೆಚ್ಚಿತ್ತು. ಬದುಕಿದ್ದ ಅಜ್ಜಿ ಒಂದು ಸುತ್ತು ಜಪ ಮುಗಿಸುವಷ್ಟರಲ್ಲಿ ಈ ಅಜ್ಜಿ ಮೂರು ಸುತ್ತು ಮುಗಿಸುತ್ತಿದ್ದರು. ಉಸಿರೆಳೆಯಬೇಕಾಗಿಲ್ಲದವರಿಗೆ ಜಪ ಬೇಗ ಸಾಗುತ್ತದೆ ಎಂದು ನಾನು ಅರ್ಥ ಮಾಡಿಕೊಂಡೆ. ಹಿತ್ತಿಲ ಬಾಗಿಲಿನಿಂದ ನಗು ಬರುವುದೂ ನಿಂತಿತ್ತು. ಪದ್ಮಕ್ಕ ಗಂಡನ ಜೊತೆ ಎಸ್ಟೇಟಿನ ಮನೆಗೆ ಹೋಗಿದ್ದಾಳೆ ಎಂದರು.

ಬೆಳಗಿನ ಮೌನದ ಹೊತ್ತೇ ಹೆಚ್ಚು ಭಯ. ಆಗ ಮಂಚ ಕಿರುಗುಟ್ಟುವುದಿಲ್ಲ, ಬೀಜ ಬೀಳುವುದಿಲ್ಲ. ಅಪ್ಪ ಪಾಠಶಾಲೆಗೆ ಹೋಗಿರುತ್ತಾರೆ. ನಾನು ಕೋಣೆಯಲ್ಲಿ ಮಲಗಿದ್ದೇನೆಂದು ತಿಳಿದು ಅಮ್ಮ ನಡುಮನೆಯಲ್ಲಿ ಮೆಲ್ಲಗೆ ಮಾತಾಡುವಳು.

“ಅತ್ತೆ, ಹೊಸ ಭರಣಿ ತೆಗೀಲಾ? ... ಹ್ಞೂ. ಹಾಗೇ ಮಾಡ್ತೀನಿ.”

ಉತ್ತರ ನನಗೆ ಕೇಳುತ್ತಿರಲಿಲ್ಲ. ಅಮ್ಮನಿಗೆ ಕೇಳುತ್ತಿತ್ತು.

ಕೊಯ್ಲು ಮುಗಿಯುತ್ತ ಬಂತು. ಕಣಗಳಲ್ಲಿ ಒಣಗುತ್ತಿದ್ದ ಕಾಫಿಯ ಹುಳಿಗಂಪು ಬೀದಿಯನ್ನೆಲ್ಲ ತುಂಬಿತು. ಮೇಷ್ಟ್ರು ಬರುವ ಕಾಲ ಹತ್ತಿರವಾಯಿತೆಂದು ನಾನು ಒಂದು ಮಧ್ಯಾಹ್ನ ಮಂಚದ ಎದುರು ನೆಲದ ಮೇಲೆ ಕೂತು ಕೇಳಿದೆ.

“ಅಜ್ಜಿ, ನಾ ಶಾಲೆಗೆ ಹೋಗ್ತೀನಲ್ಲ?”

ಬಟ್ಟಲಿಗೆ ಇನ್ನೊಂದು ಬೀಜ ಬಿತ್ತು. ಆಮೇಲೆ ಅಜ್ಜಿಯ ದನಿ ಬಂತು.

“ಬೇಡ. ಇಲ್ಲೇ ಇರು.”

ಅಂದಿನಿಂದ ನನಗೆ ನಿಜವಾದ ದಿಗಿಲು ಹತ್ತಿತು. ಬದುಕಿದ್ದಾಗ ಕಳಿಸು ಎಂದವರು ಸತ್ತ ಮೇಲೆ ಬೇಡ ಎನ್ನುತ್ತಾರೆ. ಯಾಕೆ? ಜಗಲಿಯಲ್ಲಿ ಅಪ್ಪ ನಡೆಸುತ್ತಿದ್ದ ಪುರಾಣಪ್ರವಚನಗಳಲ್ಲಿ ನಾನು ಕೇಳಿದ್ದೆ: ಗತಿ ಸಿಗದ ಜೀವ ತನಗೆ ಪ್ರಿಯವಾದ ಒಂದನ್ನು ಹಿಡಿದುಕೊಂಡು ಈ ಲೋಕದಲ್ಲಿ ನಿಲ್ಲುತ್ತದೆ, ಹಿಡಿದದ್ದು ಸಡಿಲುವವರೆಗೆ ತಾನೂ ಹೋಗುವುದಿಲ್ಲ, ಅದನ್ನೂ ಹೋಗಗೊಡುವುದಿಲ್ಲ. ಅಜ್ಜಿ ಹಿಡಿದುಕೊಂಡದ್ದು ನನ್ನನ್ನೇ. ಬಟ್ಟಲಿನ ಪ್ರತಿ ಸದ್ದೂ ನನ್ನ ಸುತ್ತ ಒಂದೊಂದು ಗಂಟು ಬಿಗಿದಂತೆ ಕೇಳತೊಡಗಿತು. ಕದಲದ ಮಣೆ, ಕದಲದ ತಂಬಿಗೆ, ಕದಲದ ಅಜ್ಜಿ; ಇನ್ನು ನಾನೂ ಕದಲದವಳಾಗಿ ಅವರ ಎದುರಿಗೇ ಮುದುಕಿಯಾಗುತ್ತೇನೆ ಎನ್ನಿಸಿತು.

ಮೇಷ್ಟ್ರು ಬಂದದ್ದು ಮಧ್ಯಾಹ್ನದ ಊಟವಾದ ಮೇಲೆ. ಕೋಲಿನ ಸದ್ದು ಮೆಟ್ಟಿಲೇರಿತು.

“ಶಾರದಾ, ನಾನು ಮೇಷ್ಟ್ರು. ಜಗಲಿಗೆ ಬಂದೆ.”

ಅಪ್ಪ ಅವರಿಗೆ ನೀರು ಕೊಟ್ಟು ಒಳಗೆ ಬಂದು ಮಂಚದ ಎದುರು ನಿಂತರು.

“ಅಮ್ಮಾ, ಮೇಷ್ಟ್ರು ಬಂದಿದ್ದಾರೆ. ಎಂತ ಹೇಳ್ಲಿ?”

“ಬೇಡ ಅಂತ ಹೇಳು.”

ಜಗಲಿಯಲ್ಲಿ ಮೇಷ್ಟ್ರು ಲೋಟ ನೆಲಕ್ಕೆ ಇಟ್ಟ ಸದ್ದಾಯಿತು. ನಾನು ಕೂತಲ್ಲಿಂದ ಎದ್ದೆ. ನಾನು ಹೋಗುತ್ತಿರುವುದು ಎಲ್ಲಿಗೆಂದು ಅಮ್ಮನಿಗೆ ಹೊಳೆಯಿತು.

“ಶಾರದೆ! ಮಡಿ! ಕಣ್ಣು ಬರೋದಿಲ್ಲ ಕಣೇ!”

ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ನಡೆದೆ. ಮಂಚದ ಅಂಚು ಮೊಣಕಾಲಿಗೆ ತಾಗಿತು. ಬಗ್ಗಿ, ಸತ್ತವರ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡೆ.

“ಅಜ್ಜೀ, ನನಗೆ ಕಣ್ಣು ಬೇಡ. ನನ್ನ ಬಿಟ್ಟುಬಿಡು.”

ಕೈ ತಣ್ಣಗಿರುತ್ತದೆಂದುಕೊಂಡಿದ್ದೆ. ಬಿಸಿಯಾಗಿತ್ತು, ಬೆವರಿತ್ತು. ಮಣಿಕಟ್ಟಿನ ಮೂಳೆಗಾಗಿ ತಡಕಿದೆ. ಅಲ್ಲಿ ಬಟ್ಟೆ ಸುತ್ತಿತ್ತು, ಗಾಯಕ್ಕೆ ಸುತ್ತಿದಂತೆ ಬಿಗಿಯಾಗಿ, ಮೊಣಕೈಯ ಕಡೆಗೆ. ಬಟ್ಟೆಯ ಕೆಳಗೆ ಸಾಲುಸಾಲಾಗಿ ಗಟ್ಟಿಯಾದ ಉಂಗುರಗಳು. ನನ್ನ ಬೆರಳಿಗೆ ಗಂಟು ಸಿಕ್ಕಿತು, ಎಳೆದೆ. ಬಟ್ಟೆ ಸಡಿಲಿತು, ಮತ್ತು ಆ ಚಳಿಗಾಲವೆಲ್ಲ ಕೇಳದೇ ಇದ್ದ ಒಂದು ಸದ್ದು ನಡುಮನೆಯಲ್ಲಿ ಗಲ್ಲೆಂದು ಕೆಳಗಿಳಿಯಿತು. ಗಾಜಿನ ಬಳೆಗಳು.

“ಪದ್ಮಕ್ಕ?”

ಅವಳು ಮೊದಲು ಅಜ್ಜಿಯ ದನಿಯಲ್ಲೇ ಬಿಕ್ಕಿದಳು, ಆಮೇಲೆ ತನ್ನ ದನಿಯಲ್ಲಿ.

“ಹೌದೇ ಪುಟ್ಟಿ. ಮುತ್ತೈದೆ ನಾನು, ಬಳೆ ತೆಗೀಲಿಕ್ಕೆ ಆಗ್ತಿರ್ಲಿಲ್ಲ. ಸದ್ದಾಗ್ತದೆ ಅಂತ ಬಟ್ಟೆ ಕಟ್ಟಿಕೊಳ್ತಿದ್ದೆ.”

ಎಲ್ಲವೂ ಆಮೇಲೆ ಹೊರಬಂತು. ಜ್ವರದಲ್ಲಿದ್ದ ಮಗುವಿಗೆ ಆಘಾತವಾದರೆ ಉಳಿಯುವುದಿಲ್ಲವೆಂದು ಊರಿನ ವೈದ್ಯರು ಹೇಳಿದ್ದರು. ಅಜ್ಜಿಯಿಲ್ಲದೆ ಒಂದು ತುತ್ತನ್ನೂ ನುಂಗದ ಮಗು ನಾನು. ಕೆಲವು ದಿನ ನಾನು ಕೂರುತ್ತೇನೆ ಎಂದವಳು ಪದ್ಮಕ್ಕನೇ. ಆಸ್ಪತ್ರೆಯಲ್ಲೇ ತೀರಿಕೊಂಡ ಅಜ್ಜಿಯ ಉತ್ತರಕ್ರಿಯೆಗಳು ಚಿಕ್ಕಪ್ಪನ ಮನೆಯಲ್ಲಿ ಮುಗಿದಿದ್ದವು. ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಅತ್ತಿರಲಿಲ್ಲ. ಕೆಲವು ದಿನ ಎಂದದ್ದು ಮುಗಿಯುವ ಬಗೆ ಯಾರಿಗೂ ತಿಳಿಯದೆ ಬೆಳೆಯುತ್ತ ಹೋಗಿತ್ತು. ಮುತ್ತೈದೆಯೊಬ್ಬಳು, ತೀರಿಹೋದ ವಿಧವೆಯ ಸೀರೆಯುಟ್ಟು, ಆಕೆಯ ಹಾಸಿಗೆಯ ಮೇಲೆ ದಿನದಿನವೂ ಕೂರುವುದೆಂದರೆ ನಮ್ಮಂಥವರಲ್ಲಿ ಎಷ್ಟು ದೊಡ್ಡ ಅಂಜಿಕೆಯೆಂಬುದನ್ನು ಇಂದಿನವರಿಗೆ ಹೇಗೆ ಹೇಳಲಿ? ಸಂಜೆ ಮನೆಗೆ ಹೋಗಿ ತಲೆಗೆ ಮಿಂದು, ತಾಳಿಯನ್ನು ಕಣ್ಣಿಗೊತ್ತಿಕೊಂಡು, ಗಂಡನ ಆಯುಸ್ಸಿಗಾಗಿ ಅವಳು ದೀಪ ಹಚ್ಚುತ್ತಿದ್ದಳಂತೆ.

“ಬೇಡ ಅಂತ ಅಜ್ಜಿ ಯಾವತ್ತೂ ಅಂದವರಲ್ಲ,” ಎಂದಳು. “ಅದೊಂದು ಮಾತು ನನ್ನ ಬಾಯಲ್ಲಿ ಬರ್ಬಾರ್ದಿತ್ತು.”

“ನಾನೇ ಹೇಳಿಸಿದ್ದು,” ಎಂದಳು ಅಮ್ಮ. “ನಾ ಬೇಡ ಅಂದ್ರೆ ಮಗು ನನ್ನ ಮೇಲೆ ಮುನಿಸಿಕೊಳ್ತದೆ. ಅತ್ತೆ ಅಂದ್ರೆ ಕೇಳ್ತದೆ.”

“ಬೆಳಿಗ್ಗೆ ಯಾರು ಕೂರ್ತಿದ್ರು ಪದ್ಮಕ್ಕ?”

“ಬೆಳಿಗ್ಗೆ ಯಾರೂ ಇಲ್ಲ ಪುಟ್ಟಿ. ನಾ ಬರೋದೇ ಊಟದ ಮೇಲೆ.”

ಅಮ್ಮನಿಂದಲೇ ಮೊದಲು ಅಳು ಎದ್ದಿತು. ಅಪ್ಪನೂ ಸೇರಿದರು, ನಾನೂ ಸೇರಿದೆ. ತಿಂಗಳುಗಟ್ಟಲೆ ತಡೆದಿಟ್ಟಿದ್ದ ಸಾವು ಆಗ ಮನೆಯೊಳಗೆ ಬಂತು.

ಈಗ ನಾನು ಚಿಕ್ಕಮಗಳೂರಿನಲ್ಲಿದ್ದೇನೆ. ಸಂಸ್ಕೃತ ಕಲಿಸಿ ನಿವೃತ್ತಳಾದ ಮೇಲೆ, ನೆರವು ಬೇಕಾದವರನ್ನೂ ನೆರವು ಕೊಡಬೇಕೆನ್ನುವವರನ್ನೂ ಒಂದುಗೂಡಿಸುವ ಕೆಲಸ ಭಗವಂತನ ಕೃಪೆಯಿಂದ ನನ್ನ ಪಾಲಿಗೆ ಬಂದಿದೆ. ಮೂಡಿಗೆರೆಯ ಕಾಲೇಜಿನ ಹುಡುಗಿಯರು ಪಠ್ಯಗಳನ್ನು ಓದಿ ಫೋನಿನಲ್ಲಿ ದನಿಮುದ್ರಿಸಿ ಕಳಿಸುತ್ತಾರೆ. ಜಾವಳಿಯ ಬೆಳೆಗಾರರೊಬ್ಬರು ನಡೆಯಲಾರದ ಮಕ್ಕಳನ್ನು ಪರೀಕ್ಷೆಗೆ ತಮ್ಮ ಜೀಪಿನಲ್ಲೇ ಕರೆತರುತ್ತಾರೆ. ಕಿವುಡು ಮಕ್ಕಳಿರುವ ತಾಯಂದಿರು, ಯಾರನ್ನು ಕೇಳುವುದಮ್ಮ ಎಂದು ಬಂದು ಕೂರುತ್ತಾರೆ, ಅಂದು ಬಸ್ಸಿನ ಬಾಗಿಲಲ್ಲಿ ನಿಲ್ಲುತ್ತಿದ್ದ ನನ್ನ ಅಪ್ಪನಂತೆ. ನಾವು ಏನು ಮಾಡೋಣ ಎಂದು ಕೇಳುವ ಎಳೆಯರಿಗೆ ನಾನು ಹೇಳುವುದಿಷ್ಟೆ: ಅದನ್ನು ನನ್ನನ್ನು ಕೇಳಬೇಡಿ, ಯಾರಿಗೆ ಮಾಡಬೇಕೆಂದಿದ್ದೀರೋ ಅವರನ್ನು ಕೇಳಿ. ಪದ್ಮಕ್ಕನಷ್ಟು ದೊಡ್ಡ ನೆರವನ್ನು ನನಗೆ ಬೇರಾರೂ ಕೊಟ್ಟಿಲ್ಲ; ತನ್ನ ಮುತ್ತೈದೆತನವನ್ನೇ ಅವಳು ಪಣವಿಟ್ಟಿದ್ದಳು. ಆ ಮನೆಯಲ್ಲಿ ಎಲ್ಲರೂ ಎಲ್ಲವನ್ನೂ ನನಗಾಗಿ ಮಾಡಿದರು, ನನ್ನನ್ನು ಕೇಳುವುದೊಂದನ್ನು ಬಿಟ್ಟು. ಮುಂದಿನ ವರ್ಷಗಳಲ್ಲಿ ನಾನು ರಜೆಗೆ ಬಂದಾಗಲೆಲ್ಲ ಪುಸ್ತಕ ಹಿಡಿದು ಕೂತು ಓದಿದವಳೂ ಅವಳೇ, ಬಳೆ ಸದ್ದು ಮಾಡುತ್ತ, ತನ್ನದೇ ದನಿಯಲ್ಲಿ.

ಆ ಮಧ್ಯಾಹ್ನದ ಅಳು ಕೊನೆಗೆ ತಗ್ಗಿತು. ಜಗಲಿಯಲ್ಲಿ ಕೋಲು ಒಮ್ಮೆ ನೆಲ ತಟ್ಟಿತು.

“ನಾನು ಇನ್ನೂ ಇಲ್ಲೇ ಇದೀನಿ,” ಎಂದರು ಮೇಷ್ಟ್ರು. “ಅವಸರ ಇಲ್ಲ.”

ಪದ್ಮಕ್ಕ ಮಂಚದಿಂದ ಇಳಿದು ನೆಲದ ಮೇಲೆ, ನನ್ನ ಭುಜಕ್ಕೆ ತಾಗಿ ಕೂತಿದ್ದಳು. ಅಪ್ಪನ ಬಿಕ್ಕು ಕಂಬದ ಕಡೆಯಿಂದ ಬರುತ್ತಿತ್ತು. ಅಮ್ಮನ ಹೆಜ್ಜೆಗಳು ನಮ್ಮನ್ನು ದಾಟಿ, ಬರಿದಾದ ಮಂಚದ ಎದುರಿಗೆ ಹೋಗಿ ನಿಂತವು.

“ಅತ್ತೆ,” ಎಂದಳು. “ಕಳಿಸ್ಲಾ?”

ಬೆಳಗಿನ ಹೊತ್ತು ನಾನು ಕೋಣೆಯಿಂದ ಕೇಳುತ್ತಿದ್ದ ದನಿಯೇ ಅದು. ಉತ್ತರ ಬರುತ್ತದೆಂದು ನಂಬಿದವಳ ದನಿ. ಪದ್ಮಕ್ಕನ ಮೈ ಬಿಗಿಯಿತು. ಅವಳು ತನ್ನ ಬಾಯಿಯ ಮೇಲೆ ಕೈಯಿಟ್ಟುಕೊಂಡದ್ದು ಬಳೆಗಳಿಂದ ತಿಳಿಯಿತು. ಅಪ್ಪನ ಬಿಕ್ಕು ನಿಂತಿತು. ಎಲ್ಲ ತಿಳಿದ ಮೇಲೂ ನಾವೆಲ್ಲ ಕಾದೆವು. ನಾನು ನನ್ನ ಕಿವಿಯನ್ನೆಲ್ಲ ಆ ಕಡೆಗೆ ಕೊಟ್ಟು ಕೇಳಿದೆ. ಮಂಚ ಕಿರುಗುಟ್ಟಲಿಲ್ಲ. ಬಟ್ಟಲು ಸದ್ದು ಮಾಡಲಿಲ್ಲ. ಕೆಮ್ಮು ಬರಲಿಲ್ಲ. ಆಮೇಲೆ ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು, ಅವಳ ಮಾತು ಅಪ್ಪನ ಕಡೆಗೆ ತಿರುಗಿತು.

“ಎಷ್ಟು ಜೊತೆ ಬಟ್ಟೆ ಕಳಿಸ್ಬೇಕು ಅಂತ ಮೇಷ್ಟ್ರನ್ನ ಕೇಳಿ.”